ಈರುಳ್ಳಿ ಹೊಲದ ದಾರಿ

ಲ ಕೊಂಬ್ರೆತ್
6 ಮೇ 1996

ಆಬೆಲ್,

ಹೇಗಿದ್ದೀಯ ಎಂದು ಕೇಳುವ ಮರ್ಯಾದೆಯನ್ನು ಪತ್ರದ ಕೊನೆಗೆ ಇಟ್ಟುಕೊಂಡಿದ್ದೇನೆ. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿದ್ದರೆ ಕೇಳುತ್ತೇನೆ.

ಹತ್ತು ವರ್ಷದಿಂದ ಒಡಹುಟ್ಟಿದ ತಮ್ಮನಿಗೆ ಒಂದು ಸಾಲು ಬರೆಯದವಳು ಈಗ ಬರೆಯಲು ಕೂತಿದ್ದೇನೆ ಎಂದರೆ ಕಾರಣ ಇರಲೇಬೇಕಲ್ಲ. ಕಾರಣ ನನ್ನ ಮುಂದೆ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿದೆ. ಹಸಿರು ರಟ್ಟಿನ ಸಣ್ಣ ಪುಸ್ತಕ. ನಮ್ಮ ಸೆವೆನ್ ಬೆಟ್ಟಸೀಮೆಗೆ ಫ್ರಾನ್ಸಿನ ಮೂಲೆಮೂಲೆಯಿಂದ ಕಾಲ್ನಡಿಗೆಗೆ ಬರುವವರಿಗೆಂದು ಮಾಡಿದ್ದಂತೆ. ದಾರಿಗಳನ್ನು ಹುಡುಕಿ ಬರೆದವರು ಆಬೆಲ್ ಪಾಂತೆಲ್, ಭೂಗೋಳದ ಮೇಷ್ಟ್ರು, ವಾಲಾಂಸ್. ನಿನ್ನ ಹೆಸರು ಅಚ್ಚಾದದ್ದು ನೋಡಿ ಹೊಟ್ಟೆ ತಣ್ಣಗಾಗಬೇಕಿತ್ತು. ಉರಿಯುತ್ತಿದೆ.

ಈಸ್ಟರ್ ಕಳೆದಾಗಿನಿಂದ ನನ್ನ ಅಂಗಳ ರೈಲು ನಿಲ್ದಾಣವಾಗಿದೆ. ಬೆನ್ನ ಮೇಲೆ ಚೀಲ, ಎರಡು ಕೈಗೂ ಎರಡು ಕೋಲು, ಮಂಡಿ ಕಾಣುವ ಚಡ್ಡಿ. ಮೊದಲು ದಾರಿ ತಪ್ಪಿ ಬಂದವರೆಂದುಕೊಂಡು ನೀರು ಕೊಟ್ಟೆ. ಆಮೇಲೆ ನೋಡಿದರೆ ನಮ್ಮ ಚೆಸ್ಟ್‌ನಟ್ ಮರಗಳ ಮೈಮೇಲೆಲ್ಲ ದಾರಿ ತೋರಿಸುವ ಹಳದಿ ಗೆರೆ. ಹೋದ ಅಕ್ಟೋಬರಿನಲ್ಲಿ ನಾನು ಮಂಡಿ ಕುಯ್ಯಿಸಿಕೊಳ್ಳಲು ಆಲೆಸ್ ಆಸ್ಪತ್ರೆ ಸೇರಿದ್ದಾಗ ನೀನೇ ಬಂದು ಬಳಿದು ಹೋದೆಯಂತೆ. ಮನೆಗೆ ಬೀಗ ಇತ್ತೆಂದು ಖುಷಿಪಟ್ಟಿರಬೇಕು.

ಇವತ್ತು ಮಧ್ಯಾಹ್ನ ಮೇಕೆಗಳನ್ನು ಇಳಿಸಿಕೊಂಡು ಬರುವಾಗ, ಈಗ ಹುಲ್ಲು ಬಿಟ್ಟಿರುವ ಕೆಳಗಿನ ಈರುಳ್ಳಿ ಹೊಲದಲ್ಲಿ ಉತ್ತರದ ಲೀಲ್ ಊರಿನ ಗಂಡ ಹೆಂಡತಿ ಬಟ್ಟೆ ಹಾಸಿ ಕೂತಿದ್ದರು. ಒಣ ಸಾಸೇಜು, ವೈನು, ಬೇಯಿಸಿದ ಮೊಟ್ಟೆ. ಹೆಂಗಸು ಕಾಲುಚೀಲ ಬಿಚ್ಚಿ ಹುಲ್ಲಿನ ಮೇಲೆ ಒಣಹಾಕಿದ್ದಳು.

"ಏನ್ರೀ ಇದು, ಎದ್ದೇಳಿ ಮೇಲೆ!" ಎಂದೆ.

"ಯಾಕಮ್ಮಾ ರೇಗ್ತೀರ? ಇಲ್ಲೇ ಕೂತ್ಕೊಳ್ಳಿ ಅಂತ ಪುಸ್ತಕದಲ್ಲೇ ಬರೆದಿದಾರಲ್ಲ" ಎಂದು ಗಂಡ ನಲವತ್ತೇಳನೆಯ ಪುಟ ತೆಗೆದು ನನ್ನ ಮೂಗಿಗೆ ಹಿಡಿದ.

ಓದಿದೆ. "ಬುತ್ತಿ ಬಿಚ್ಚಲು ಈ ಇಡೀ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೃದುವಾದ ಹುಲ್ಲು, ಬೆನ್ನಿಗೆ ಬಿಸಿಲು ಕಾದ ಕಲ್ಲುಗೋಡೆ. ಅವಸರ ಮಾಡಬೇಡಿ." ಇದು ನೀನೇ ಬರೆದದ್ದು, ಆಬೆಲ್. ನೀನು ಕಂಡಕಂಡವರನ್ನೆಲ್ಲ ಕರೆದು ಊಟಕ್ಕೆ ಕೂರಿಸಿರುವುದು ನಮ್ಮ ಅಪ್ಪನ ಎದೆಯ ಮೇಲೆ. ಈ ಮಣ್ಣಲ್ಲಿ ಹುಟ್ಟಿದವನಿಗೆ ಅಷ್ಟೂ ತಿಳಿಯಲಿಲ್ಲವೇ?

ಸಿಟ್ಟು ಇಳಿದಿಲ್ಲ. ಆರೋಗ್ಯ ಕೇಳುವುದಿಲ್ಲ.

ಲಿದಿ


ವಾಲಾಂಸ್
17 ಮೇ 1996

ಅಕ್ಕ,

ನಿನ್ನ ಪತ್ರ ಶಾಲೆಗೆ ಹೊರಡುವ ಮುಂಚೆ ಬಂತು. ಅವತ್ತು ಎರಡು ತರಗತಿಗಳಲ್ಲಿ ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ತಿಳಿಯಲಿಲ್ಲವೇ ಎಂದು ಕೇಳುತ್ತೀಯಲ್ಲ, ತಿಳಿಸಿದವರು ಯಾರು? 1986ರ ಫೆಬ್ರವರಿಯಲ್ಲಿ ನನಗೆ ಒಂದು ಕಾರ್ಡು ಬಂತು. ಇನ್ನೂ ಇಟ್ಟುಕೊಂಡಿದ್ದೇನೆ. "ಅಪ್ಪ ಹೋದ. ಎಲ್ಲ ಮುಗಿಯಿತು. ನೀನು ಬರುವ ಅಗತ್ಯವಿಲ್ಲ." ಅಪ್ಪ ತೀರಿಕೊಂಡ ಒಂಬತ್ತನೆಯ ದಿನ ಬರೆದದ್ದು. ಎಲ್ಲಿ ಮಣ್ಣು ಮಾಡಿದಿರಿ ಎಂದು ಅದರಲ್ಲಿ ಒಂದಕ್ಷರ ಇಲ್ಲ. ಮನೆಯ ಹಿಂದಿನ ಹಳೆಯ ಸಮಾಧಿಗಳು ನನಗೆ ಗೊತ್ತು. ಅವುಗಳ ಹತ್ತಿರ ಕೂಡ ಸುಳಿಯದ ಹಾಗೆ ದಾರಿಯನ್ನು ಬಳಸಿ ತಂದಿದ್ದೇನೆ, ಹೋಗಿ ಅಳೆದು ನೋಡು. ಆದರೆ ಅಜ್ಜಿಯ ನಂತರ ನಮ್ಮವರು ಯಾರೂ ಸ್ವಂತ ನೆಲದಲ್ಲಿ ಮಲಗಲಿಲ್ಲ. ಸೋದರತ್ತೆಯನ್ನೂ ಊರ ಸ್ಮಶಾನಕ್ಕೇ ಒಯ್ದೆವು. ಅಪ್ಪನೂ ಅಲ್ಲೇ ಎಂದುಕೊಂಡೆ.

ಅಂದುಕೊಂಡು ಸುಮ್ಮನಿರಲೂ ಇಲ್ಲ. ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು, ಮೂರು ವರ್ಷವೂ ಸೆಪ್ಟೆಂಬರಿನಲ್ಲಿ, ಜನ ಇಲ್ಲದ ವಾರದ ದಿನ ನೋಡಿ ಬಂದಿದ್ದೆ. ಅತ್ತೆಯ ಪಕ್ಕದಲ್ಲಿ ಹೆಸರಿಲ್ಲದ ಹೊಸ ಗುಡ್ಡೆ ಇತ್ತು. ಅಪ್ಪನಿಗೆ ಹೆಸರು, ಕಲ್ಲು ಯಾವುದೂ ಬೇಡವೆಂದು ಗೊತ್ತಿತ್ತಲ್ಲ. ಬೆಟ್ಟದ ನೇರಳೆ ಬಣ್ಣದ ಕಾಡುಹೂ ಕಿತ್ತು ತಂದು ಇಟ್ಟು, ಅರ್ಧ ಗಂಟೆ ನಿಂತು ಹೋಗುತ್ತಿದ್ದೆ. ಯಾರನ್ನೂ ಕೇಳಲಿಲ್ಲ. ಅಪ್ಪನ ಗುಡ್ಡೆ ಯಾವುದು ಎಂದು ಮಗನಾದವನು ಊರವರನ್ನು ಹೇಗೆ ಕೇಳುವುದು?

ಕೋರ್ಟು ನೀರಿನ ಕಾಲುವೆಯ ನಕ್ಷೆ ಬರೆದುಕೊಡು ಎಂದಾಗ ಇದ್ದದ್ದು ಇದ್ದ ಹಾಗೆ ಬರೆದೆ. ವ್ಯಾಜ್ಯದಲ್ಲಿದ್ದ ಕಾಲುವೆ ಪಕ್ಕದ ಮನೆಯ ಬೊನಿಜೊಲ್‌ನದಾಯಿತು. ಅಪ್ಪ ಬಾಗಿಲು ತೋರಿಸಿದ. ನೀನಾಗಿ ಕರೆಯುವವರೆಗೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನೂ ಅಂದೆ. ಅವನು ಕರೆದಿದ್ದರೆ ಬರಿಗಾಲಿನಲ್ಲಿ ಓಡಿ ಬರುತ್ತಿದ್ದೆ. ಕರೆಯಲಿಲ್ಲ. ಹಾಗಿರುವಾಗ ನೀನು ನನ್ನ ಮೇಲೆ ಹರಿಹಾಯುವುದು ಯಾವ ಬಾಯಲ್ಲಿ?

ಆ ಹೊಲದಲ್ಲಿ ನಾವಿಬ್ಬರೂ ಬೆಳಗ್ಗೆ ಹತ್ತಕ್ಕೆ ಅಪ್ಪನ ಜೊತೆ ರೊಟ್ಟಿ ತಿನ್ನುತ್ತಿದ್ದೆವು. ನನಗೆ ಈ ಭೂಮಿಯ ಮೇಲೆ ಅಷ್ಟು ಒಳ್ಳೆಯ ಜಾಗ ಇನ್ನೊಂದು ಗೊತ್ತಿಲ್ಲ. ಅದಕ್ಕೇ ಬರೆದೆ. ಜಮೀನಿನಲ್ಲಿ ಅರ್ಧ ನನ್ನ ಹೆಸರಿನಲ್ಲಿದೆ, ಆದ್ದರಿಂದ ಒಪ್ಪಿಗೆಗೂ ನಾನೇ ರುಜು ಹಾಕಿದೆ.

ಆಬೆಲ್


ಲ ಕೊಂಬ್ರೆತ್
25 ಮೇ 1996

ಆಬೆಲ್,

ನಿನ್ನ ಪತ್ರ ಓದಿ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಅತ್ತೆಯ ಪಕ್ಕದ ಆ ಗುಡ್ಡೆ ಯಾರದು ಗೊತ್ತೇ? ನ್ಯುಮಾ ಬೊನಿಜೊಲ್‌ನದು! ಹತ್ತೊಂಬತ್ತು ವರ್ಷ ನಮ್ಮನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿ ಇಳಿಸಿದ ಅದೇ ನ್ಯುಮಾ. ಅಪ್ಪನಿಗಿಂತ ಎರಡು ತಿಂಗಳು ಮೊದಲು ಹೋದ, ಅವನಿಗೂ ಕಲ್ಲು ಹಾಕಿಸಿಲ್ಲ. ನೀನು ಅಪ್ಪನ ಶತ್ರುವಿಗೆ ಮೂರು ವರ್ಷ ಹೂವಿಟ್ಟು, ತಲೆಬಾಗಿ ನಿಂತು ಬಂದಿದ್ದೀಯ. ನಕ್ಷೆ ಬರೆದು ಅವನನ್ನು ಗೆಲ್ಲಿಸಿದ್ದು ಸಾಲದೆ ಹೂವು ಬೇರೆ! ಊರಿಗೆ ಗೊತ್ತಾದರೆ ಕೃತಜ್ಞತೆ ಎನ್ನುತ್ತಾರೆ.

ಇನ್ನೊಂದು ಕೇಳು. ಆ ಹೂವಿನಿಂದ ಇಲ್ಲಿ ಒಂದು ಸಂಸಾರವೇ ಕೆಟ್ಟಿದೆ. ನ್ಯುಮಾನ ಹೆಂಡತಿ ಇರ್ಮಾ ಆ ಹೂವನ್ನು ನೋಡಿ, ಯಾರೋ ಹೆಂಗಸು ಗುಟ್ಟಾಗಿ ಇಟ್ಟು ಹೋಗುತ್ತಾಳೆ ಎಂದು ತಲೆಗೆ ಹಚ್ಚಿಕೊಂಡಳು. ಅವಳ ಅನುಮಾನ ರೊಟ್ಟಿ ಅಂಗಡಿಯ ಝೆಲಿಯ ಮೇಲೆ ಬಿತ್ತು. ಅಲ್ಲಿಂದ ಈಚೆಗೆ ಆರು ಕಿಲೋಮೀಟರ್ ನಡೆದು ಪಕ್ಕದ ಊರಿನಿಂದ ರೊಟ್ಟಿ ತರುತ್ತಾಳೆ, ಝೆಲಿಯ ಅಂಗಡಿಯ ಕಡೆ ತಲೆ ಕೂಡ ತಿರುಗಿಸುವುದಿಲ್ಲ.

ಕಾರ್ಡು ತಡವಾಯಿತು ಎನ್ನುತ್ತೀಯ. ಆ ವಾರ ಸೊಂಟದವರೆಗೆ ಹಿಮ. ಟೆಲಿಫೋನ್ ತಂತಿ ಹರಿದುಬಿದ್ದಿತ್ತು. ಅಷ್ಟೇ.

ಜುಲೈ ಒಳಗೆ ದಾರಿ ಅಲ್ಲಿಂದ ಏಳಬೇಕು. ನಿನ್ನೆ ಹನ್ನೆರಡು ಜನ ಬಂದಿದ್ದರು. ಒಬ್ಬ ಅಲ್ಲಿ ಕಾಲು ಚಾಚಿ ಗೊರಕೆ ಹೊಡೆದ. ಹೆದರಲಿ ಎಂದು ಹೋತವನ್ನು ಅಲ್ಲಿ ಕಟ್ಟಿಹಾಕಿ ನೋಡಿದೆ, ಅವರು ಅದರ ಕೊಂಬು ಹಿಡಿದು ಫೋಟೋ ತೆಗೆಸಿಕೊಂಡರು.

ಲಿದಿ


ವಾಲಾಂಸ್
18 ಜೂನ್ 1996

ಅಕ್ಕ,

ನ್ಯುಮಾನ ವಿಷಯಕ್ಕೆ ನಾನು ಏನೂ ಹೇಳುವುದಿಲ್ಲ. ಅರ್ಧ ಗಂಟೆ ನಿಂತು ಅವನ ಹತ್ತಿರ ಏನೇನು ಮಾತಾಡಿದ್ದೆ ಎಂದು ನೆನೆದರೆ ನನಗೇ ನಾಚಿಕೆಯಾಗುತ್ತದೆ. ಅಪ್ಪನ ಹತ್ತಿರ ಕೂಡ ಅಷ್ಟು ಮಾತು ಆಡಿದವನಲ್ಲ.

ನಡಿಗೆ ಸಂಘದ ಸಭೆಯಲ್ಲಿ ವಿಷಯ ಇಟ್ಟೆ. ಪುಸ್ತಕ ಅಚ್ಚಾಗಿ ಅಂಗಡಿ ಸೇರಿದೆ, ಈಗ ಹೇಗೆ ಬದಲಿಸುವುದು ಎಂದರು. ಅಧ್ಯಕ್ಷರು "ಒಂದು ಹೆಸರಿನ ಕಲ್ಲು ಹಾಕಿಸಿಬಿಡಿ ಮೇಷ್ಟ್ರೇ, ಜನ ತಾವಾಗೇ ದೂರ ಕೂತ್ಕೋತಾರೆ" ಎಂದರು. ನನಗೂ ಅದು ತಪ್ಪೆನಿಸುವುದಿಲ್ಲ. ಪ್ರೊಟೆಸ್ಟೆಂಟರೆಂದು ರಾಜನ ಸೈನಿಕರು ನಮ್ಮವರ ಹೆಣಗಳನ್ನು ತೋಡಿ ಬೀದಿಯಲ್ಲಿ ಎಳೆದಾಡುತ್ತಿದ್ದ ಕಾಲ ಹೋಗಿ ಎಷ್ಟು ತಲೆಮಾರಾಯಿತು! ಇನ್ನೂ ಯಾರಿಂದ ಬಚ್ಚಿಡುವುದು? ಬಚ್ಚಿಟ್ಟದ್ದರಿಂದ ಮೋಸ ಹೋದವನು ಕೊನೆಗೆ ಮಗನೇ ಅಲ್ಲವೇ?

ಬೇಡ ಎನ್ನುತ್ತೀಯೆಂದು ಗೊತ್ತು. ಹಾಗಾದರೆ ಉಳಿದದ್ದು ಒಂದೇ ದಾರಿ, ಕಾಲುವೆಯ ಅಂಚಿನದು. ಅದು ಹೋಗುವುದು ಇರ್ಮಾ ಬೊನಿಜೊಲ್ ನೆಲದಲ್ಲಿ. ಅವಳ ಒಪ್ಪಿಗೆ ಸಿಕ್ಕರೆ ನಾನೇ ಬಂದು ಗುರುತು ಬದಲಿಸುತ್ತೇನೆ, ಸಂಘ ಬೇಕಾದ್ದು ಹೇಳಲಿ. ಅವಳನ್ನು ಕೇಳಬೇಕಾದವಳು ನೀನು. ಎಂಬತ್ತು ಹೆಜ್ಜೆ ಇಳಿದು ಅವಳ ಬಾಗಿಲು ತಟ್ಟಲು ನಿನ್ನ ಮಂಡಿ ಬಿಡದಿದ್ದರೆ ಹೇಳು.

ಆಬೆಲ್


ಲ ಕೊಂಬ್ರೆತ್
21 ಜುಲೈ 1996

ಆಬೆಲ್,

ಹೋಗಿದ್ದೆ. ಮಂಡಿಯ ಮಾತು ಎತ್ತಿ ಚುಚ್ಚಿದೆಯಲ್ಲ, ಅದಕ್ಕಾಗಿಯೇ ಹೋದೆ.

ಇರ್ಮಾ ಬಾಗಿಲಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಈಗ ಎಪ್ಪತ್ತೆಂಟು. ಕಣ್ಣು ಮಾತ್ರ ಹದ್ದಿನದೇ.

"ಪಾಂತೆಲ್ ಮನೆ ಲಿದೀನಾ? ಯಾರು ಸತ್ರು?" ಎಂದಳು.

"ಯಾರೂ ಸತ್ತಿಲ್ಲ. ನಿಮ್ಮ ಹತ್ರ ಒಂದು ಮಾತು ಕೇಳೋದಿತ್ತು."

"ಮೂವತ್ತು ವರ್ಷ ಉಗಿಯೋಕೂ ಈ ಕಡೆ ತಿರುಗ್ದೋಳು ನೀನು. ಕೇಳು, ಕೇಳು. ನಂಗೂ ಹೊತ್ತು ಹೋಗ್ಬೇಕು."

ದಾರಿ ಕೇಳಬೇಕಾದರೆ ಹೊಲದ ಕಥೆ ಹೇಳಬೇಕು, ಹೊಲದ ಕಥೆ ಹೇಳಿದರೆ ಹೂವಿನ ಕಥೆ ಹೊರಗೆ ಬರಲೇಬೇಕು. ಹೇಳಿಬಿಟ್ಟೆ. ಅವಳ ಮಡಿಲಿನ ಹುರುಳಿಕಾಯಿಯೆಲ್ಲ ನೆಲಕ್ಕೆ ಬಿತ್ತು.

"ನಿನ್ ತಮ್ಮನಾ? ಆ ಹೂವು ನಿನ್ ತಮ್ಮ ಇಟ್ಟಿದ್ದಾ?"

"ತಪ್ಪು ತಿಳ್ಕೊಂಡು ಇಟ್ಟಿದ್ದು."

"ಒಂಬತ್ತು ವರ್ಷ ಕಣೇ! ಒಂಬತ್ತು ವರ್ಷ ನನ್ ಗಂಡನ ಫೋಟೋನ ಗೋಡೆ ಕಡೆ ಮುಖ ಮಾಡಿ ಇಟ್ಟಿದೀನಿ. ಝೆಲಿನ ಬಾಯಿಗೆ ಬಂದ ಹಾಗೆ ಬೈದಿದೀನಿ. ಸತ್ತೋನು ಎದ್ದು ಬಂದು ನಂದೇನೂ ತಪ್ಪಿಲ್ಲ ಅನ್ನೋಕಾಗುತ್ತಾ? ಎಂಥ ಜನಾನೇ ನೀವು! ಬದುಕಿರೋವಾಗ ನೀರಿಗೆ ಕಾಡಿದ್ರಿ, ಸತ್ತ ಮೇಲೆ ಹೂವಲ್ಲಿ ಕಾಡಿದ್ರಿ!"

ಬೈದಳು, ಒಂದು ಗಳಿಗೆ ಅತ್ತಳು, ಮತ್ತೆ ಬೈದಳು. ಒಳಗೆ ಹೋಗಿ ಫೋಟೋ ತಿರುಗಿಸಿ, ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯಿಂದ ಒರೆಸಿ, ಅದಕ್ಕೂ ನಾಲ್ಕು ಮಾತು ಬೈದಳು. ನಾನು ನೆಲದ ಮೇಲಿನ ಹುರುಳಿಕಾಯಿ ಆರಿಸುತ್ತ ಕೂತಿದ್ದೆ. ಕೊನೆಗೆ ಹೊರಗೆ ಬಂದು ಹೇಳಿದಳು:

"ದಾರಿ ಕೊಡ್ತೀನಿ. ನಿನ್ ಮುಖ ನೋಡಿ ಅಲ್ಲ. ಹೆತ್ತ ಅಪ್ಪನ ಎದುರಿಗೆ ನಿಂತು ನಿಜ ಹೇಳ್ದೋನು ಅವ್ನು, ಅದಕ್ಕೆ. ಆದ್ರೆ ಅವ್ನೇ ಬರ್ಬೇಕು. ಝೆಲಿ ಎದುರಿಗೆ ನಿಂತು, ಹೂ ಇಟ್ಟೋನು ನಾನು ಅಂತ ಅವ್ನ ಬಾಯಲ್ಲೇ ಹೇಳ್ಬೇಕು."

ಹೊರಡಲು ಎದ್ದೆ. ಆಗ ಹಿಂದಿನಿಂದ ಕೇಳಿದಳು.

"ಅದ್ಸರಿ ಲಿದಿ, ಅಪ್ಪನ್ನ ಎಲ್ಲಿ ಇಟ್ರು ಅಂತ ಮಗನಿಗೆ ಗೊತ್ತಿಲ್ಲ ಅಂದ್ರೆ, ಮಣ್ಣು ಮಾಡೋವಾಗ ಅವ್ನೆಲ್ಲಿದ್ದ? ಯಾರೂ ಕರೀಲಿಲ್ವಾ?"

ಉತ್ತರ ಕೊಡದೆ ಬಂದುಬಿಟ್ಟೆ. ನಾಲ್ಕು ದಿನವಾಯಿತು, ಆ ಪ್ರಶ್ನೆ ಹಿಂದೆ ಹಿಂದೆಯೇ ಬರುತ್ತಿದೆ. ಅವಳಿಗೆ ಕೊಡದ ಉತ್ತರವನ್ನು ನಿನಗೆ ಕೊಡುತ್ತೇನೆ.

ಟೆಲಿಫೋನ್ ತಂತಿ ಹರಿದಿರಲಿಲ್ಲ. ಹಿಮ ಇತ್ತು, ತಂತಿ ಸರಿಯಾಗಿಯೇ ಇತ್ತು. ಅಪ್ಪ ಮಲಗಿದಲ್ಲಿಂದ ಮೂರು ದಿನ ನಿನ್ನನ್ನು ಕೇಳಿದ. "ಆಬೆಲ್‌ಗೆ ಬರೋಕೆ ಹೇಳು" ಎಂದ. ಒಂದು ಸಲವಲ್ಲ. ನಾನು ಫೋನ್ ಮಾಡಲಿಲ್ಲ. ನೀನು ಹೋದ ಮೇಲೆ ಏಳು ವರ್ಷ ಮೇಕೆಯ ಹಾಲು ಕರೆದವಳು ನಾನು, ಹೊಲ ಅಗೆದವಳು ನಾನು, ಅವನ ಬಾಯಿಗೆ ಚಮಚದಲ್ಲಿ ಸೂಪು ಹಾಕಿದವಳು ನಾನು. ಅವನ ಬಾಯಲ್ಲಿ ಬಂದದ್ದು ನಿನ್ನ ಹೆಸರು. ಹೊಟ್ಟೆ ಉರಿಯಿತು, ಆಬೆಲ್. ಬೇಕಾದರೆ ಇದನ್ನೂ ನಿನ್ನ ಪುಸ್ತಕದಲ್ಲಿ ಅಚ್ಚು ಹಾಕಿಸು.

ಲಿದಿ


ವಾಲಾಂಸ್
9 ಸೆಪ್ಟೆಂಬರ್ 1996

ಲಿದಿ,

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ. ಏಳು ವಾರದಲ್ಲಿ ನಾಲ್ಕು ಪತ್ರ ಬರೆದು ಹರಿದಿದ್ದೇನೆ. ನಿನಗೆ ನೋಯಲಿ ಎಂದು ಬರೆದವು, ಸಾಕಷ್ಟು ನೋಯುವ ಹಾಗೆ ಬರೆಯಲು ಆಗಲಿಲ್ಲ.

ಅಪ್ಪ ನನ್ನನ್ನು ಕರೆಯಲಿಲ್ಲ ಎಂಬ ಒಂದೇ ಮಾತಿನ ಮೇಲೆ ಹತ್ತು ವರ್ಷ ಬದುಕಿದ್ದೇನೆ. ಆ ಮುದುಕನ ಮೊಂಡುತನವನ್ನು ಸ್ನೇಹಿತರ ಮುಂದೆ ಆಡಿ ನಗಿಸಿದ್ದೇನೆ. ಸಾಯುವಾಗಲೂ ಬಗ್ಗದವನು ಎಂದು ಹೆಂಡತಿಗೆ ಹೇಳಿದ್ದೇನೆ. ಹೂವಿಟ್ಟು ನಿಂತಾಗ ಕೂಡ ಬೈದಿದ್ದೇನೆ. ಅವನು ಕರೆದಿದ್ದ! ನೀನು ನನ್ನಿಂದ ಕದ್ದದ್ದು ಒಂದು ಅಂತ್ಯಕ್ರಿಯೆಯನ್ನಲ್ಲ, ನನ್ನ ಅಪ್ಪನನ್ನು. ಅದನ್ನು ಯಾವ ಕೋರ್ಟಿಗೆ ಒಯ್ಯಲಿ?

ಅಕ್ಟೋಬರ್ 12ರ ಶನಿವಾರ ಬರುತ್ತೇನೆ. ಇರ್ಮಾ ಹಾಕಿದ ಷರತ್ತಿಗಾಗಿ ಮತ್ತು ಅಪ್ಪನಿಗಾಗಿ. ನಿನ್ನ ಮನೆಯೊಳಗೆ ಕಾಲಿಡುವುದಿಲ್ಲ. ಊಟ ಎತ್ತಿಡಬೇಡ.

ಆಬೆಲ್ ಪಾಂತೆಲ್


ವಾಲಾಂಸ್
20 ಅಕ್ಟೋಬರ್ 1996

ಲಿದಿ,

ಕೆಲಸ ಮುಗಿದಿದೆ, ಅದರ ವರದಿ ಇದು.

ಚೆಸ್ಟ್‌ನಟ್ ಮರಗಳ ಮೇಲಿನ ಹಳದಿಯನ್ನೆಲ್ಲ ತಂತಿ ಬ್ರಷ್ಷಿನಿಂದ ಕೆರೆದಿದ್ದೇನೆ. ದಾರಿ ಒಡೆಯುವಲ್ಲಿ, ಈ ಕಡೆ ಬರಬೇಡಿ ಎನ್ನುವ ಕತ್ತರಿ ಗುರುತು ಹಾಕಿದ್ದೇನೆ. ಹೊಲಕ್ಕೆ ಇಳಿಯುವ ಗೋಡೆಯ ಸಂದನ್ನು ಕಲ್ಲು ಪೇರಿಸಿ ಮುಚ್ಚಿದ್ದೇನೆ. ಕೈ ಇನ್ನೂ ಆ ಕೆಲಸ ಮರೆತಿಲ್ಲ. ಅಂಗಡಿಗಳಲ್ಲಿ ಉಳಿದ ಪುಸ್ತಕಗಳಿಗೆ ನಲವತ್ತೇಳನೆಯ ಪುಟದ ಮೇಲೆ ಚೀಟಿ ಅಂಟಿಸಲು ಸಂಘವನ್ನು ಒಪ್ಪಿಸಿದೆ. ಅಧ್ಯಕ್ಷರಿಗೆ ನನ್ನ ಮೇಲೆ ಕೋಪ, ಇರಲಿ.

ಭಾನುವಾರ ಚರ್ಚಿನಿಂದ ಜನ ಹೊರಗೆ ಬರುವಾಗ ಇರ್ಮಾ ನನ್ನ ತೋಳು ಹಿಡಿದು ಝೆಲಿಯ ಮುಂದೆ ನಿಲ್ಲಿಸಿದಳು. ಹೇಳಿದೆ. ಝೆಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇರ್ಮಾಳ ಕಡೆ ತಿರುಗಿ, "ಆ ನಿನ್ ಗಂಡನ್ನ ನಾನು? ನನ್ ಕಣ್ಣಿಗೇನಾಗಿತ್ತೇ?" ಎಂದಳು. ಇರ್ಮಾಳಿಗೆ ಮತ್ತೆ ಸಿಟ್ಟು ಬಂತು. ಇಬ್ಬರೂ ಜಗಳ ಆಡುತ್ತಲೇ ರೊಟ್ಟಿ ಅಂಗಡಿಯ ಕಡೆ ಹೋದರು.

ಶನಿವಾರ ಸಂಜೆ ಗೋಡೆ ಮುಗಿಸಿ ಹೊಲದಲ್ಲಿ ಟೋಪಿ ತೆಗೆದು ನಿಂತಿದ್ದೆ. ನೀನು ಮೇಕೆ ದೊಡ್ಡಿಯ ಬಾಗಿಲಿನಿಂದ ನೋಡುತ್ತಿರುವುದು ಗೊತ್ತಿತ್ತು. ತಿರುಗಲಿಲ್ಲ. "ಇನ್ನೂ ಎರಡು ಹೆಜ್ಜೆ ಎಡಕ್ಕೆ" ಎಂದು ನೀನೇ ಕೂಗಿದೆ. ನಾನು ಈ ಸಲವೂ ತಪ್ಪು ಜಾಗದಲ್ಲೇ ನಿಂತಿದ್ದೆ. ಎರಡು ಹೆಜ್ಜೆ ಸರಿದೆ. ಆಮೇಲೆ ಏನಾಯಿತೆಂದು ನೀನೇ ನೋಡಿದೆ, ಬರೆಯುವ ಅಗತ್ಯವಿಲ್ಲ.

ಒಂದೇ ಒಂದು ವಿಷಯ ನನಗೆ ಬೇಕು. ಕ್ಷಮೆಯಲ್ಲ, ಅದನ್ನು ಕೇಳಲೂಬೇಡ. ಅಪ್ಪ ಮೂರು ದಿನ ನನ್ನನ್ನು ಕೇಳಿದ ಎಂದೆಯಲ್ಲ, ಕೇಳಿದಾಗಲೆಲ್ಲ ನೀನು ಅವನಿಗೆ ಏನು ಹೇಳಿದೆ?

ಆಬೆಲ್


ಲ ಕೊಂಬ್ರೆತ್
2 ನವೆಂಬರ್ 1996

ಆಬೆಲ್,

ಹೇಳುತ್ತೇನೆ. ಓದಿದ ಮೇಲೆ ನನ್ನ ಮೇಲಿನ ಸಿಟ್ಟು ಇಮ್ಮಡಿಯಾಗುತ್ತದೆ. ಆಗಲಿ.

ಮೊದಲನೆಯ ದಿನ ಕೇಳಿದಾಗ, "ಫೋನ್ ಮಾಡಿದೀನಪ್ಪಾ, ಹೊರಟಿದಾನೆ" ಎಂದೆ. ಮುದುಕ ಸಂಜೆ ತಾನಾಗಿಯೇ, "ಹಿಮ ಬಿದ್ದಿದೆ. ಬಸ್ಸು ಮೇಲಕ್ಕೆ ಬರೋಲ್ಲ. ನಿಧಾನ ಆಗುತ್ತೆ" ಎಂದ. ನಿನ್ನ ಪರವಾಗಿ ಅವನೇ ನನಗೆ ಸಮಾಧಾನ ಹೇಳಿದ.

ಎರಡನೆಯ ದಿನ, "ಎಲ್ಲಿಗೆ ಬಂದ?" ಎಂದ. "ಊರಿಗೆ ಬಂದಿದಾನೆ, ಅಲ್ಲಿಂದ ನಡ್ಕೊಂಡು ಬರ್ತಿದಾನೆ" ಎಂದೆ. ಕುತ್ತಿಗೆ ಎತ್ತಲಾಗದವನು ಬೆನ್ನಿಗೆ ದಿಂಬು ಕೊಡಿಸಿಕೊಂಡು ಕೂತ. "ನಡ್ಕೊಂಡು ಬಂದ್ರೆ ಶೂ ಒದ್ದೆಯಾಗಿರುತ್ತೆ, ಒಲೆ ಉರಿಸು" ಎಂದ. ಉರಿಸಿದೆ, ಆಬೆಲ್. ಬಾರದ ನಿನಗಾಗಿ ಇಡೀ ದಿನ ಒಲೆ ಉರಿಸಿದೆ. ಆಗಲಾದರೂ ಎದ್ದು ಫೋನ್ ಮಾಡಬಹುದಿತ್ತು. ಆಡಿದ ಸುಳ್ಳು ಬಯಲಾಗುತ್ತದೆಂದು ಹೆದರಿದೆ.

ಮೂರನೆಯ ದಿನ ಮಧ್ಯಾಹ್ನ ನನ್ನ ಕೈ ಹಿಡಿದ. ನನ್ನ ಹೆಸರು ಕರೆದ, ಅದನ್ನು ನಿನಗೆ ಈವರೆಗೆ ಬರೆದಿರಲಿಲ್ಲ. "ಲಿದಿ, ನನ್ನ ಊರಿಗೆ ಒಯ್ಯಬೇಡ, ಮನೆ ಹಿಂದೆನೂ ಬೇಡ. ಕೆಳಗಿನ ಈರುಳ್ಳಿ ಹೊಲದಲ್ಲಿ ಇಡು" ಎಂದ. ನಾನು, ಅಲ್ಲೇಕೆ ಎಂದೆ.

"ಊರಿಂದ ಹತ್ತಿ ಬರೋರು ಅಲ್ಲಿಗೇ ಮೊದ್ಲು ಕಾಣೋದು" ಎಂದ.

ಅಲ್ಲಿ ಇಟ್ಟಿದ್ದೇನೆ, ಮುಖ ಇಳಿಜಾರಿನ ಕಡೆಗೆ. ನೀನು ಮೊನ್ನೆ ಆ ದಾರಿಗೆ ಕಲ್ಲು ಪೇರಿಸುತ್ತಿದ್ದಾಗ ಬಂದು ಕೈ ಹಿಡಿದು ನಿಲ್ಲಿಸೋಣ ಎನಿಸಿತು. ಮೇಕೆ ದೊಡ್ಡಿಯ ಬಾಗಿಲಲ್ಲೇ ನಿಂತುಬಿಟ್ಟೆ.

ಅಪರಿಚಿತರಿಗೆ ಮುಚ್ಚಿದ್ದು ಸರಿ. ನೀನು ಮಾತ್ರ ಕಾಲುವೆ ಕಡೆಯಿಂದ ಬರಬೇಡ. ಗೋಡೆ ಹತ್ತಿ, ಹೊಲದ ಮೇಲೇ ನಡೆದು ಬಾ. ಮನೆಯೊಳಗೆ ಬರದಿದ್ದರೂ ಪರವಾಗಿಲ್ಲ, ಅಲ್ಲಿಯವರೆಗೆ ಬಾ.

ಲಿದಿ